ಗುಂಡಿ ಅಕ್ಕನ ಹಿಮ್ಮುಖ ಭಕ್ತಿ

ಗುಂಡಿ ಅಕ್ಕ ಮಹಾಭಕ್ತೆ ಎಂದು ನಾನು ಮೂರು ವಾರ ನಂಬಿದ್ದೆ. ನಂಬಿದ್ದರೆ ಅಡ್ಡಿಯಿರಲಿಲ್ಲ, ನಂಬುವುದರಿಂದ ಯಾರಿಗೂ ಮೈಕೈ ನೋವಾಗುವುದಿಲ್ಲ. ಆದರೆ ನಾನು ಅದನ್ನು ಬರೆದುಬಿಟ್ಟೆ.

ಆದದ್ದು ಹೀಗೆ. ನಾನು ಬಾಗಿಲು ದಾಟುವ ಮೊದಲೇ ನನ್ನ ಹೊಟ್ಟೆ ದಾಟಿರುತ್ತದೆ ಎಂದು ಹೆಂಡತಿ ಬಹಳ ದಿನದಿಂದ ಹೇಳುತ್ತಿದ್ದಳು. ಡಾಕ್ಟರೂ ಅವಳ ಪಕ್ಷ ಸೇರಿದ ಮೇಲೆ ನನಗೆ ಬೇರೆ ದಾರಿಯಿರಲಿಲ್ಲ. ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೊರಟೆ. ನಮ್ಮ ಬೀದಿಯ ತುದಿಯಲ್ಲಿ ಪ್ರಾರ್ಥನಾ ಮಂಡಳಿಯ ಸಭಾಂಗಣವಿದೆ. ಹೊರಗಿನವರು ಇಣುಕದಿರಲಿ ಎಂದು ಅದರ ಕಿಟಕಿಗಳ ಕೆಳಗಿನ ಗಾಜಿಗೆಲ್ಲ ಬಿಳಿ ಬಣ್ಣ ಬಳಿದಿದ್ದಾರೆ. ಇಣುಕಬಾರದು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಇಣುಕದೆ ಇರುವುದು ಹೇಗೆ? ತುದಿಗಾಲಲ್ಲಿ ನಿಂತು ನೋಡಿದೆ.

ಒಳಗೆ ಗುಂಡಿ ಅಕ್ಕ. ಎದುರುಗಡೆ ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿಯವಳು, ಆದ್ದರಿಂದ ಆ ಹೆಸರು. ಆಳೆತ್ತರದ ಹೆಂಗಸು. ನನಗೆ ಕಂಡದ್ದು ಅವಳ ತಲೆ, ಭುಜ ಮತ್ತು ಮುಂದಕ್ಕೆ ಚಾಚಿದ ಎರಡು ತೋಳು ಮಾತ್ರ. ಮುಖ ವೇದಿಕೆಯ ಕಡೆಗೆ. ಎರಡು ಸಾಲು ಬೆಂಚುಗಳ ನಡುವಿನ ದಾರಿಯಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ, ಬಾಗಿಲಿನತ್ತ ಬರುತ್ತಿದ್ದಳು. ಕಣ್ಣು ಕೆಳಗೆ ನೆಟ್ಟಿತ್ತು. ಬಾಯಲ್ಲಿ ಮೆಲುದನಿಯ ಮಾತು: "ಬಾ… ಬಾ… ಬಿಡೋಳಲ್ಲ ನಾನು… ಇನ್ನೊಂದು… ಬಾ."

ನನ್ನ ಮೈ ಜುಮ್ಮೆಂದಿತು. ದೇವರನ್ನು ಹೀಗೆ ಕೈಚಾಚಿ, ಮಗುವನ್ನು ಕರೆದ ಹಾಗೆ ಕರೆಯುವವರನ್ನು ನಾನು ಕಂಡಿರಲಿಲ್ಲ. ಬೆನ್ನು ತೋರಿಸಲು ಮನಸ್ಸು ಬಾರದೆ ಹಿಂದುಹಿಂದಕ್ಕೆ ನಡೆಯುವ ಆ ವಿನಯ! ಮರುದಿನವೂ ನೋಡಿದೆ, ಅದರ ಮರುದಿನವೂ ನೋಡಿದೆ. ಒಳಗೆ ಹೋಗಿ "ಅಕ್ಕಾ, ಏನ್ ಮಾಡ್ತಿದೀರಿ?" ಎಂದು ಕೇಳಬಹುದಿತ್ತು. ಕೇಳಿದರೆ ಲೇಖನ ಕೆಡುತ್ತದಲ್ಲ.

ಮಂಡಳಿಯ ನಾಲ್ಕು ಪುಟದ ಮಾಸಿಕಕ್ಕೆ ನಾನು ಸಂಪಾದಕ. ಸಂಪಾದಕನೆಂದರೆ ಅದನ್ನು ಬರೆಯುವವನು, ತಿದ್ದುವವನು, ಮಡಚುವವನು, ಮನೆಮನೆಯ ಬಾಗಿಲ ಸಂದಿಗೆ ತುರುಕುವವನು ಮತ್ತು ಸಾಮಾನ್ಯವಾಗಿ ಓದುವವನು. 'ಬೆನ್ನು ತೋರದ ಭಕ್ತಿ' ಎಂಬ ನನ್ನ ಲೇಖನ ಬಂದ ಆ ಒಂದು ಸಂಚಿಕೆಯನ್ನು ಮಾತ್ರ ಎಲ್ಲರೂ ಓದಿದರು. ಗ್ರಹಚಾರ ನೋಡಿ.

ನಮ್ಮ ಅಧ್ಯಕ್ಷರನ್ನು ನಾವು ಬೆನ್ನ ಹಿಂದೆ ತಕ್ಕಡಿ ಸಾಹೇಬರು ಎನ್ನುತ್ತೇವೆ. ಅಂಗಡಿಗಳ ತೂಕದ ಬೊಟ್ಟು ಪರೀಕ್ಷಿಸುವ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ವಾರಕ್ಕೊಮ್ಮೆ ಉಪನ್ಯಾಸ ಕೊಡುತ್ತಾರೆ. ಮೂರು ಬೆರಳು ಎತ್ತುತ್ತಾರೆ. "ಶ್ರದ್ಧೆ. ಸಮುದಾಯ. ಬದ್ಧತೆ." ಒಂದೊಂದು ಪದಕ್ಕೂ ಒಂದೊಂದು ಬೆರಳು ಮಡಚುತ್ತಾರೆ. ಹನ್ನೊಂದು ವರ್ಷದಿಂದ ಅದೇ ಮೂರು ಪದ, ಅದೇ ಮೂರು ಬೆರಳು. ತೂಕದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ. ಹೇಳುವ ಮಾತಿನಲ್ಲಿ ತಪ್ಪೇನೂ ಇಲ್ಲ. ನಿತ್ಯದ ಬದುಕಿನಲ್ಲಿ ಇವನ್ನು ಆಚರಿಸಬೇಕು ಎನ್ನುತ್ತಾರೆ, ನಾವು ತಲೆಯಾಡಿಸುತ್ತೇವೆ, ಹೊರಗೆ ಬಂದು ಅವರವರ ಚಪ್ಪಲಿ ಹುಡುಕಿಕೊಳ್ಳುತ್ತೇವೆ.

ಆ ವಾರ ಅವರು ನನ್ನ ಲೇಖನವನ್ನು ವೇದಿಕೆಯಿಂದ ಓದಿ, ಕನ್ನಡಕ ತೆಗೆದು, "ಒಬ್ಬ ಗುಂಡಿ ಮಾರೋ ಹೆಣ್ಣುಮಗಳು ನಮಗೆಲ್ಲ ನಾಚಿಕೆ ಹುಟ್ಟಿಸಿದ್ದಾರೆ" ಎಂದರು. ಸಭೆ ಮುಗಿದಾಗ ಅರವತ್ತು ಜನ ವೇದಿಕೆಗೆ ಮುಖ ಮಾಡಿ, ಇದ್ದ ಒಂದೇ ಬಾಗಿಲಿಗೆ ಬೆನ್ನು ಮಾಡಿ, ಹಿಂದುಹಿಂದಕ್ಕೆ ಹೊರಟರು. ಅರವತ್ತು ಜನ ಹಾಗೆ ಹೊರಟರೆ ಏನಾಗಬೇಕೋ ಅದೇ ಆಯಿತು. ಔಷಧಿ ಅಂಗಡಿಯವರು ಮೆಟ್ಟಿಲಿದೆಯೆಂಬುದನ್ನು ಮರೆತು ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ಅವರ ಮೇಲೆ ಇನ್ನಿಬ್ಬರು ಕುಳಿತರು. ಅಧ್ಯಕ್ಷರು ಸ್ವತಃ ಹೂವಿನ ಕುಂಡಕ್ಕೆ ಕಾಲಿಟ್ಟು, ಅದನ್ನೇ ಎಳೆದುಕೊಂಡು ಎರಡು ಹೆಜ್ಜೆ ನಡೆದರು. ನನ್ನ ಹೆಂಡತಿ ಮಾತ್ರ ತಿರುಗಿ, ಎಲ್ಲರೂ ನಡೆಯುವ ಹಾಗೆ ನೆಟ್ಟಗೆ ನಡೆದು ಹೊರಗೆ ಬಂದಳು.

"ನಿಮಗೆ ಶ್ರದ್ಧೆ ಇಲ್ವೇನಮ್ಮಾ?" ಎಂದು ಯಾರೋ ಕನಿಕರದಿಂದ ಕೇಳಿದರು.

"ಇದೆ ಕಣ್ರೀ. ಜೊತೆಗೆ ಕಣ್ಣೂ ಇದೆ."

ಪೆಟ್ಟಾದರೆ ಬುದ್ಧಿ ಬರುತ್ತದೆ ಎನ್ನುವುದು ಮಂಡಳಿಗಳಿಗೆ ಅನ್ವಯಿಸುವುದಿಲ್ಲ. ಪೆಟ್ಟಾದದ್ದು ಅಭ್ಯಾಸ ಸಾಲದ್ದಕ್ಕೆ ಎಂದು ತೀರ್ಮಾನವಾಯಿತು. ಮುಂದಿನ ಸೋಮವಾರದಿಂದ ನಲವತ್ತು ದಿನ, ಬೆಳಿಗ್ಗೆ ಆರಕ್ಕೆ ಸರಿಯಾಗಿ 'ಹಿಮ್ಮುಖ ಸಾಧನೆ'. ಮೊದಲ ಹಂತದಲ್ಲಿ ಗೋಡೆ ಹಿಡಿದು ನಡೆಯುವುದು, ಎರಡನೆಯದರಲ್ಲಿ ಗೋಡೆ ಬಿಟ್ಟು, ಮೂರನೆಯದರಲ್ಲಿ ಕಣ್ಣು ಮುಚ್ಚಿ. ಎಲ್ಲರಿಗೂ ಬಿಳಿ ಸಾಕ್ಸು, ಹಂತ ದಾಟಿದವರಿಗೆ ಬೇರೆ ಬೇರೆ ಬಣ್ಣದ ಬಿಲ್ಲೆ. ಜಾಗ ಸಾಲದೆಂದು ಬೆಂಚುಗಳನ್ನೆಲ್ಲ ಎತ್ತಿ ಗೋಡೆಗೆ ಒಟ್ಟುವುದು. ಸಾಧನೆಯ ಮೂಲ ಪ್ರೇರಕಿ ಗುಂಡಿ ಅಕ್ಕನಿಗೆ ಚೌಕಟ್ಟು ಹಾಕಿದ ಪ್ರಶಸ್ತಿ ಪತ್ರ. ಈ ಶುಭವಾರ್ತೆಯನ್ನು ಅವಳಿಗೆ ಮುಟ್ಟಿಸುವ ಕೆಲಸ ನನ್ನದು.

ಅವಳ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಗೋಡೆ ತುಂಬ ಗಾಜಿನ ಸೀಸೆಗಳು, ಸೀಸೆ ತುಂಬ ಗುಂಡಿಗಳು. ಗುಂಡಿ ಕಿತ್ತುಹೋದ ಅಂಗಿ ಹಿಡಿದು ಹೋದರೆ ಅವಳು ಅಂಗಿಯನ್ನು ನೋಡುವ ಮೊದಲು ನಿಮ್ಮ ಹೊಟ್ಟೆಯನ್ನು ನೋಡುತ್ತಾಳೆ. "ದಾರದ್ದೇನೂ ತಪ್ಪಿಲ್ಲ" ಎನ್ನುತ್ತಾಳೆ. ಆಮೇಲೆ ಕೈ ಎತ್ತಿ, ಇನ್ನೂರು ಸೀಸೆಗಳ ನಡುವಿನಿಂದ ಒಂದನ್ನು ಕೆಳಗಿಳಿಸಿ, ಅದರಿಂದ ತೆಗೆದ ಗುಂಡಿಯನ್ನು ಅಂಗಿಯ ಉಳಿದ ಗುಂಡಿಗಳ ಪಕ್ಕ ಇಟ್ಟರೆ ಒಡಹುಟ್ಟಿದವರ ಹಾಗೆ ಇರುತ್ತವೆ.

ಸಭಾಂಗಣದ ಬೀಗದ ಕೈ ಇರುವುದೂ ಅವಳ ಹತ್ತಿರವೇ, ಅಂಗಡಿಯ ಮೊಳೆಯಲ್ಲಿ. ಅದು ಹೇಗೆ ಬಂತು ಎಂದು ನಾನೊಮ್ಮೆ ವಿಚಾರಿಸಿದ್ದೆ. ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿದ್ದ ಕಾವಲುಗಾರ ಒಂದು ಬೆಳಿಗ್ಗೆ ಬಂದು, "ಅಕ್ಕಾ, ಒಂದ್ ಹತ್ತು ನಿಮಿಷ ಇಟ್ಕೊಂಡಿರಿ, ಬಂದೆ" ಎಂದು ಕೊಟ್ಟುಹೋದನಂತೆ. ಇನ್ನೂ ಬಂದಿಲ್ಲ. ಅಂದು ಸಂಜೆ ಜನ ಬಂದು ಬಾಗಿಲಲ್ಲಿ ನಿಂತರು, ಅವಳು ಹೋಗಿ ತೆರೆದಳು. ಮಾರನೆಯ ದಿನವೂ ತೆರೆದಳು. ಕಸ ಇತ್ತು, ಗುಡಿಸಿದಳು. ನಡುವೆ ಐದು ಆಡಳಿತ ಮಂಡಳಿಗಳು ಬಂದು ಹೋದವು. ಹಿಂದಿನ ಮಂಡಳಿಯೇ ಅವಳನ್ನು ನೇಮಿಸಿರಬೇಕೆಂದು ಪ್ರತಿಯೊಂದೂ ಭಾವಿಸಿತು. ಉಪನ್ಯಾಸಕ್ಕೆ ಮಾತ್ರ ಅವಳು ಒಂದು ದಿನವೂ ಕೂತವಳಲ್ಲ. ಅದು ಅಂಗಡಿಯಲ್ಲಿ ವ್ಯಾಪಾರದ ಹೊತ್ತು.

"ಅಕ್ಕಾ, ಒಂದು ಶುಭ ಸುದ್ದಿ" ಎಂದೆ.

"ಯಾರಿಗೆ?" ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು.

ಹೇಳಿದೆ. ಲೇಖನ, ಸಾಧನೆ, ಸಾಕ್ಸು, ಬಿಲ್ಲೆ, ಪ್ರಶಸ್ತಿ ಪತ್ರ ಎಲ್ಲವನ್ನೂ ಹೇಳಿದೆ.

"ಬೆಳಿಗ್ಗೆ ಆರಕ್ಕಾ?"

"ಆರಕ್ಕೆ ಸರಿಯಾಗಿ."

"ನಲವತ್ತು ದಿನವಾ?"

"ಪೂರ್ತಿ ನಲವತ್ತು. ಬೆಂಚೆಲ್ಲ ಎತ್ತಿ ಗೋಡೆಗೆ ಹಾಕಿ, ಒಳ್ಳೆ ಮೈದಾನದ ಥರ ಮಾಡ್ತಾರೆ."

ಸೂಜಿ ನಿಂತಿತು. "ಬರ್ದಿದ್ದು ಯಾರು ಅಂದ್ರಿ?"

"ನಾನೇ" ಎಂದು ಎದೆ ಉಬ್ಬಿಸಿದೆ.

"ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯ್ತು?" ಅವಳು ಸೂಜಿಯನ್ನು ತೋಳಿನ ಬಟ್ಟೆಗೆ ಚುಚ್ಚಿಕೊಂಡಳು. "ನಾಳೆ ಬನ್ನಿ. ಕಿಟಕಿಗಲ್ಲ, ಬಾಗಿಲಿಗೆ."

ಮರುದಿನ ಬಾಗಿಲಿನಿಂದ ಹೋದೆ. ಗುಂಡಿ ಅಕ್ಕ ನಾನು ಬರೆದ ಹಾಗೆಯೇ ಕೈ ಚಾಚಿ ಹಿಂದಕ್ಕೆ ನಡೆಯುತ್ತಿದ್ದಳು. ಚಾಚಿದ ಕೈಗಳ ಆಚೆ, ಕಿಟಕಿಯಿಂದ ಎಂದೂ ಕಾಣದ ಎತ್ತರದಲ್ಲಿ, ಬೆಂಚಿನ ಬೆನ್ನುಗಳನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಬಲಗಾಲನ್ನು ನೆಲದ ಮೇಲೆ ಎಳೆಯುತ್ತ ಇನ್ನೊಬ್ಬಳು ಬರುತ್ತಿದ್ದಳು. ಗಿಡ್ಡ, ದಪ್ಪ, ಬೆವರಿ ತೊಪ್ಪೆಯಾದ ಹೆಂಗಸು. ಗುರುತು ಹತ್ತಿತು. ನಮ್ಮ ಬೀದಿಗೆ ಬರುವ ಬಸ್ಸಿನ ಕಂಡಕ್ಟರಮ್ಮ, ಗುಂಡಿ ಅಕ್ಕನ ಓರಗಿತ್ತಿ.

"ಬಾ… ಬಾ… ಬಿಡೋಳಲ್ಲ ನಾನು" ಎನ್ನುತ್ತಿದ್ದಳು ಅಕ್ಕ. "ಕಾಲು ಎತ್ತೇ. ನಾಲಿಗೆ ಎತ್ತಿದಷ್ಟು ಸುಲಭ ಅಲ್ಲ ಅಂತ ಈಗ ಗೊತ್ತಾಯ್ತಾ?"

"ಮು… ಮುಚ್ಚೇ ಬಾಯಿ" ಎಂದಳು ಓರಗಿತ್ತಿ.

"ನೋಡಿ, ಬೈಗುಳ ಮಾತ್ರ ಚೊಕ್ಕವಾಗಿ ಬರುತ್ತೆ" ಎಂದು ಅಕ್ಕ ನನ್ನ ಕಡೆ ತಿರುಗಿದಳು. "ನೀರು ಬೇಕು ಅನ್ನೋಕೆ ಅರ್ಧ ಗಂಟೆ ಬೇಕು."

ಮೂರು ತಿಂಗಳ ಹಿಂದೆ ಕಂಡಕ್ಟರಮ್ಮನಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗಾಲು ಸೋತು, ಮಾತು ತೊದಲಿತ್ತು. ಬಸ್ಸಿನವರು ಕೊಟ್ಟ ಗಡುವಿಗೆ ಇನ್ನು ಇಪ್ಪತ್ತಾರು ದಿನವಿತ್ತು. ಅಂದು ಡಿಪೋದ ಡಾಕ್ಟರ ಎದುರು, ನಿಂತ ಬಸ್ಸಿನಲ್ಲಿ, ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿನವರೆಗೆ ಅವಳು ನಡೆದು ತೋರಿಸಬೇಕು. ಸೀಟಿನ ಕಂಬಿ ಹಿಡಿಯಬಹುದು, ಇನ್ನೊಬ್ಬರ ಕೈ ಹಿಡಿಯುವಂತಿಲ್ಲ. ನಡೆದರೆ ಕೆಲಸ ಉಳಿಯಿತು, ಇಲ್ಲವಾದರೆ ಹದಿನೆಂಟು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಬೀದಿಯಲ್ಲಿ ಅಭ್ಯಾಸ ಮಾಡೋಣವೆಂದರೆ, ದಿನವೂ ತನ್ನಿಂದ ಬೈಸಿಕೊಂಡ ಜನರ ಮುಂದೆ ಕುಂಟಲು ಅವಳು ಒಪ್ಪಳು. ಮನೆಯಲ್ಲಿ ಸಾಲಾಗಿ ಹತ್ತು ಹೆಜ್ಜೆ ಇಡಲು ಜಾಗವಿಲ್ಲ. ಆ ಮನೆ ಪಾಲಾಗಿ ಹತ್ತೊಂಬತ್ತು ವರ್ಷ. ಅಣ್ಣತಮ್ಮಂದಿರು ಅಡುಗೆಮನೆಯ ನಡುವೆ ಹಲಗೆಯ ಗೋಡೆ ಎಬ್ಬಿಸಿದಾಗ ಕಿಟಕಿ ಅಕ್ಕನ ಪಾಲಿಗೆ ಬಂತು, ನಲ್ಲಿ ಓರಗಿತ್ತಿಯ ಪಾಲಿಗೆ ಹೋಯಿತು. ಒಬ್ಬಳಿಗೆ ಬೆಳಕು, ಒಬ್ಬಳಿಗೆ ನೀರು. ಅಂದಿನಿಂದ ಬೆಳಿಗ್ಗೆ ಹಲಗೆಯ ಮೇಲಿಂದ ಕೊಡ ದಾಟುತ್ತದೆ, ಕೊಡದ ಜೊತೆ ನಾಲ್ಕು ಮಾತೂ ದಾಟುತ್ತವೆ. ಅಕ್ಕನ ಗಂಡ ತೀರಿಹೋಗಿದ್ದಾನೆ. ಅವನ ತಮ್ಮ, ಅಂದರೆ ಕಂಡಕ್ಟರಮ್ಮನ ಗಂಡ, ಐದಕ್ಕೇ ಕಾರ್ಖಾನೆಗೆ ಹೊರಡುವವನು. ಅವನಿಗೆ ಮಾತು ಕಡಿಮೆ. ಆ ಇಬ್ಬರ ನಡುವೆ ಅವನ ಪಾಲಿಗೆ ಉಳಿದದ್ದೇ ಅಷ್ಟಿರಬೇಕು.

ಬೆಂಚುಗಳ ನಡುವಿನ ದಾರಿಯನ್ನು ಕಂಡುಹಿಡಿದವಳು ಅಕ್ಕ. ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಲ ಓಣಿಯಿಂದ ಅವಳನ್ನು ಇಲ್ಲಿಗೆ ಕರೆತರುತ್ತಿದ್ದಳು. ಅಂಗಡಿಯ ಟೇಪನ್ನು ಒಯ್ದು ಮೊದಲು ಬಸ್ಸಿನ ನಡುವೆ ಅಳೆದಳು, ಆಮೇಲೆ ಇಲ್ಲಿ ಅಳೆದಳು. "ಎರಡು ಬೆರಳು ಹೆಚ್ಚಿದೆ, ಅಷ್ಟೇ. ಇವಳೂ ಹಾಗೇನೇ, ಎರಡು ಬೆರಳು ಹೆಚ್ಚು" ಎಂದಳು.

ನಾನು ಬೆಂಚಿನ ಮೇಲೆ ಕುಸಿದು ಕುಳಿತೆ. "ಅಯ್ಯೋ ಅಕ್ಕಾ, ನಾನು ಇವತ್ತೇ ಅಧ್ಯಕ್ಷರಿಗೆ ಎಲ್ಲ ಹೇಳ್ತೀನಿ."

"ಹೇ… ಹೇಳಿದ್ರೆ" ಎಂದು ಕಂಡಕ್ಟರಮ್ಮ ನನ್ನತ್ತ ಬೆರಳು ತೋರಿಸಿದಳು. ಉಳಿದ ಮಾತು ಹೊರಬರಲು ಹೊತ್ತು ಹಿಡಿಯಿತು. ನಾನು ಕಾದೆ. "ನಡು… ದಾರೀಲಿ… ಇಳಿಸ್ತೀನಿ."

ಅವಳ ಹೆಸರೆತ್ತುವಂತಿಲ್ಲ, ಬೆಂಚು ಎತ್ತಲು ಬಿಡುವಂತಿಲ್ಲ. ಅಂದಿನ ಸಮಿತಿ ಸಭೆಗೆ ನಾನು ಬಹಳ ಧೈರ್ಯ ಕಟ್ಟಿಕೊಂಡು ಹೋದೆ. ಸಾಧನೆಯನ್ನು ಏಳು ಗಂಟೆಗೆ ಇಟ್ಟುಕೊಳ್ಳಬಹುದಲ್ಲವೇ ಎಂದೆ.

"ಏಳು ಗಂಟೆಗೆ ಎದ್ದೋರ್ದು ಬದ್ಧತೆ ಅಲ್ಲ, ಅಭ್ಯಾಸ" ಎಂದರು ಅಧ್ಯಕ್ಷರು. ಯಾರೋ ಚಪ್ಪಾಳೆ ತಟ್ಟಿದರು.

ಬೆಂಚುಗಳು ಇದ್ದಲ್ಲೇ ಇದ್ದರೆ ಬಿದ್ದವರಿಗೆ ಹಿಡಿದುಕೊಳ್ಳಲು ಅನುಕೂಲ ಎಂದೆ.

"ಹಿಡ್ಕೊಳ್ಳೋಕೆ ಏನಾದ್ರೂ ಇದ್ರೆ ಅದು ಶ್ರದ್ಧೆನೇ ಅಲ್ಲ" ಎಂದರು ಔಷಧಿ ಅಂಗಡಿಯವರು. ಅವರ ಸೊಂಟದ ನೋವು ಇನ್ನೂ ಹೋಗಿರಲಿಲ್ಲ.

"ಒಮ್ಮತ ತಾನೇ?" ಎಂದರು ಅಧ್ಯಕ್ಷರು. ಕೈಗಳೆಲ್ಲ ಮೇಲೆದ್ದವು. ಎದ್ದವುಗಳಲ್ಲಿ ನನ್ನದೂ ಒಂದು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳಿಗೆ ಹೇಳಿದರೆ ಬೇರೆಯವರಿಗೆ ಹೇಳಿದ ಲೆಕ್ಕವಲ್ಲ.

"ನೀವೂ ಕೈ ಎತ್ತಿದ್ರಾ?"

"ಎಲ್ರೂ ಎತ್ತಿದ್ರಲ್ಲೇ…"

"ಸರಿ ಬಿಡಿ. ಹಿಂದಕ್ಕೆ ನಡೆಯೋದನ್ನ ನಿಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ."

ಕೊನೆಯ ಉಪಾಯವೆಂದು ಗುಂಡಿ ಅಕ್ಕನ ಹತ್ತಿರ ಹೋದೆ. "ಅಕ್ಕಾ, ಸೋಮವಾರ ಬಾಗಿಲೇ ತೆಗೀಬೇಡಿ. ಬೀಗದ ಕೈ ಕಳೆದುಹೋಯ್ತು ಅನ್ನಿ. ಹೊಸದು ಮಾಡಿಸೋಕೆ ಸಮಿತಿ ಕೂರಬೇಕು, ಸಮಿತಿ ಕೂತ್ರೆ ಒಂದು ತಿಂಗಳು ಏಳಲ್ಲ."

ಅವಳು ನನ್ನನ್ನು ಬೇರೆ ಸೀಸೆಗೆ ಬಿದ್ದ ಗುಂಡಿಯನ್ನು ನೋಡುವ ಹಾಗೆ ನೋಡಿದಳು. "ತೆಗೀತೀನಿ ಅಂತ ಇಟ್ಕೊಂಡಿರೋದು. ಇವಳಿಗೂ ತೆಗೀಬೇಕು, ಅವರಿಗೂ ತೆಗೀಬೇಕು. ನಂಗೆ ಬೇಕಾದೋರಿಗೆ ಮಾತ್ರ ತೆಗೆಯೋಕೆ ಅದೇನು ನಮ್ಮಪ್ಪನ ಮನೇನಾ?"

ಸೋಮವಾರ ಆರಕ್ಕೆ ಐದು ನಿಮಿಷವಿರುವಾಗ ಬಾಗಿಲು ತೆರೆಯಿತು. ಮೂವತ್ತು ಜನ ಬಿಳಿ ಸಾಕ್ಸಿನಲ್ಲಿ ಬಂದರು. ಬೆಂಚುಗಳು ಗೋಡೆಯ ಪಕ್ಕ ಒಂದರ ಮೇಲೊಂದು ಏರಿದವು. ಅಧ್ಯಕ್ಷರು ಬಾಗಿಲಲ್ಲಿ ನಿಂತು ಹಾಜರಿ ಹಾಕಿಕೊಂಡರು. ಸಾಧನೆ ಶುರುವಾಯಿತು. ಉಜ್ಜಿ ಉಜ್ಜಿ ಹೊಳೆಯುವ ನೆಲ, ಅದರ ಮೇಲೆ ಹೊಸ ಸಾಕ್ಸು. ಕೆಲವರು ನಡೆಯುವ ಅಗತ್ಯವೇ ಇಲ್ಲದೆ ಹಿಂದಕ್ಕೆ ಹೋದರು. ಪ್ರಶಸ್ತಿ ಪತ್ರವನ್ನು ಅಕ್ಕನ ಕೈಗೆ ಕೊಡಲು ಹೋದವರಿಗೆ, "ಅಂಗಡೀಲಿ ಇಡಿ, ಸೀಸೆ ಮೇಲಿಡಬೇಡಿ" ಎಂಬ ಉತ್ತರ ಸಿಕ್ಕಿತು.

ಆ ಮೂರು ದಿನ ಕಂಡಕ್ಟರಮ್ಮ ಮನೆಯಲ್ಲೇ ಕುಳಿತಳು. ಕಾಲು ಮತ್ತೆ ಬಿಗಿಯತೊಡಗಿತು. ಮೊದಲ ದಿನ ಗೋಡೆ ಹಿಡಿದು ಎದ್ದವಳು, ಎರಡನೆಯ ದಿನ ಏಳಲು ನೋಡಿದಳು, ಮೂರನೆಯ ದಿನ ನೋಡಲೂ ಇಲ್ಲ. ಹಲಗೆಯ ಆಚೆಯಿಂದ ಗಂಡನ ಕೈಯಲ್ಲಿ ಕೊಡ ಬಂತು, ಅವಳ ಮಾತು ಬರಲಿಲ್ಲ. ಗುಂಡಿ ಅಕ್ಕನಿಗೆ ಹೆದರಿಕೆಯಾದದ್ದು ಆಗಲೇ ಅಂತೆ. ಅವಳು ಹಲಗೆಯ ಹತ್ತಿರ ಮುಖ ತಂದು ಮಾತು ಶುರುಮಾಡಿದಳು.

"ನೀನೇನೂ ಬೇಜಾರು ಮಾಡ್ಕೋಬೇಡ ಕಣೇ, ಮನೇಲೇ ಇರು. ಅಲ್ಲಿ ಬೆಂಚೆಲ್ಲ ಎತ್ತಿಹಾಕಿದ್ದಾರೆ. ನಿನ್ನ ಬಸ್ಸಿಗೂ ಬೇರೆ ಕಂಡಕ್ಟರ್ ಬಂದಿದಾನಂತೆ."

ಆಚೆ ಕಡೆ ಸದ್ದಿಲ್ಲ.

"ತುಂಬಾ ಮೆತ್ತಗೆ ಮಾತಾಡ್ತಾನಂತೆ. ಚಿಲ್ಲರೆ ಇಲ್ಲ ಅಂದ್ರೆ ನಗ್ತಾನಂತೆ. ಜನ ಎಲ್ಲ, ಸದ್ಯ ಈಗ ನೆಮ್ಮದಿ ಅಂತಿದಾರಂತೆ."

ಆ 'ಅಂತೆ'ಗಳಲ್ಲಿ ಒಂದನ್ನೂ ಯಾರೂ ಹೇಳಿರಲಿಲ್ಲ. ಎಲ್ಲವೂ ಅಕ್ಕ ಕೂತಲ್ಲೇ ಹೊಲಿದದ್ದು. ಆಚೆ ಕಡೆ ಒಂದು ಚೆಂಬು ಗೋಡೆಗೆ ಬಡಿಯಿತು. ಅಕ್ಕ ನೆಮ್ಮದಿಯಿಂದ ಅಂಗಡಿಗೆ ಬಂದಳು.

ಗುರುವಾರ ಬೆಳಿಗ್ಗೆ ಸಾಧನೆಯ ನಡುವೆ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಕಂಡಕ್ಟರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೀದಿಯುದ್ದಕ್ಕೂ ಗೋಡೆ ಹಿಡಿದುಕೊಂಡು ಬಂದಿದ್ದಾಳೆ, ಬೀದಿಯೆಲ್ಲ ನೋಡಿದೆ. ಅದು ಅವಳಿಗೆ ಆಮೇಲೆ ನೆನಪಾಗಬೇಕು, ಆಗ ಸಿಟ್ಟು ನೆತ್ತಿಗೇರಿತ್ತು. ಅವಳ ಬೆನ್ನ ಹಿಂದೆ, ಯಾರಿಗೂ ಸಂಬಂಧವಿಲ್ಲದವಳ ಹಾಗೆ, ಗುಂಡಿ ಅಕ್ಕ.

"ಯಾ… ಯಾರು ಬೆಂಚ್ ಎತ್ತಿದ್ದು?"

ಮೂವತ್ತು ಜನ ಹಿಂದಕ್ಕೆ ಇಟ್ಟ ಕಾಲನ್ನು ಅಲ್ಲೇ ನಿಲ್ಲಿಸಿದರು. ಅಧ್ಯಕ್ಷರು ಹಾಜರಿ ಪುಸ್ತಕ ಹಿಡಿದು, "ನೋಡಮ್ಮ, ಇಲ್ಲಿ ಸಾಧನೆ ನಡೀತಿದೆ…" ಎಂದು ಆರಂಭಿಸಿದರು.

"ಬಾಗಿಲಲ್ಲಿ ನಿಲ್ಬೇಡಿ! ಒಳಗೆ ಹೋಗಿ!"

ಈ ಮಾತು ತೊದಲಲಿಲ್ಲ. ಹದಿನೆಂಟು ವರ್ಷ ದಿನಕ್ಕೆ ಇನ್ನೂರು ಸಲ ಹೇಳಿದ ಮಾತು; ರೋಗಕ್ಕೂ ಅದನ್ನು ಕೀಳಲು ಆಗಿರಲಿಲ್ಲವೆಂದು ಕಾಣುತ್ತದೆ. ಅಧ್ಯಕ್ಷರು ತಮಗೆ ತಿಳಿಯುವ ಮೊದಲೇ ನಾಲ್ಕು ಹೆಜ್ಜೆ ಒಳಗೆ ಹೋಗಿದ್ದರು, ಅದೂ ಮುಮ್ಮುಖವಾಗಿ. ನನಗೂ ಏನಾಯಿತೋ ತಿಳಿಯದು, ಓಡಿಹೋಗಿ ಬೆಂಚಿನ ಒಂದು ತುದಿ ಹಿಡಿದೆ. ಇನ್ನೊಂದು ತುದಿಯನ್ನು ನನ್ನ ಹೆಂಡತಿ ಹಿಡಿದಳು. ಅವಳು ಸಾಧನೆಗೆ ಬಂದವಳಲ್ಲ, ನಾನು ಬೀಳುವುದನ್ನು ನೋಡಲು ಬಂದವಳು.

"ಎತ್ತಿ, ಎತ್ತಿ! ಎರಡು ಸಾಲು!" ಎಂದಳು ಕಂಡಕ್ಟರಮ್ಮ.

ಬಸ್ಸು ಹತ್ತಿ ಅಭ್ಯಾಸವಿರುವ ಯಾರಾದರೂ ಆ ದನಿಗೆ ಎದುರಾಡಲಾರರು. ಐದು ನಿಮಿಷದಲ್ಲಿ ಬೆಂಚುಗಳು ಇದ್ದಲ್ಲಿಗೆ ಬಂದವು, ಜನ ಅವುಗಳಲ್ಲಿ ಇಬ್ಬಿಬ್ಬರಂತೆ ಕೂತರು, ಜಾಗ ಸಿಗದವರು ನಡುದಾರಿಯಲ್ಲಿ ನಿಂತರು. ಔಷಧಿ ಅಂಗಡಿಯವರು ಸೊಂಟದ ನೋವೆಂದು ಹೇಳಿಕೊಂಡು ಸೀಟು ಗಿಟ್ಟಿಸಿದರು. ಗುಂಡಿ ಅಕ್ಕ ಟೇಪು ತೆಗೆದು ದಾರಿಯ ಅಗಲ ಅಳೆದು, ಒಂದು ಬೆಂಚನ್ನು ಮಂಡಿಯಿಂದ ತಳ್ಳಿ ಸರಿಮಾಡಿದಳು. ಆಮೇಲೆ ಓರಗಿತ್ತಿಯ ಎದುರು ನಿಂತು ಕೈ ಚಾಚಿದಳು.

"ಬಾ."

"ನೀ… ನೀನು ಪಕ್ಕಕ್ಕೆ ಸರಿ. ಜನ ಇದಾರೆ."

"ಜನ ಇರೋದ್ರಿಂದ್ಲೇ ಬಸ್ಸು. ಬಾರೇ."

ಇಷ್ಟು ದಿನ ಖಾಲಿ ಬಸ್ಸಿನಲ್ಲಿ ಅಭ್ಯಾಸ ನಡೆದಿತ್ತು. ಅಂದು ಅದು ತುಂಬಿದ ಬಸ್ಸು. ಕಂಡಕ್ಟರಮ್ಮ ಬೆಂಚಿನ ಬೆನ್ನು ಹಿಡಿದು ಕಾಲೆಳೆದಳು. ಅಡ್ಡ ನಿಂತವರನ್ನು, "ಸರೀರಿ… ಮುಂದೆ ಹೋಗಿ… ಸೀಟಿದ್ರೂ ಯಾಕ್ರೀ ನಿಂತಿದೀರಿ?" ಎಂದು ಸರಿಸಿದಳು. ಒಂದು ಬೈಗುಳಕ್ಕೆ ಒಂದು ಹೆಜ್ಜೆ. ಬೈಯುವಾಗ ಕಾಲಿನ ನೆನಪು ತಪ್ಪುತ್ತಿತ್ತು, ನೆನಪು ತಪ್ಪಿದಾಗ ಕಾಲು ತಾನಾಗಿ ಏಳುತ್ತಿತ್ತು. ವೇದಿಕೆ ಮುಟ್ಟಿ, ಅದನ್ನು ಎರಡು ಸಲ ತಟ್ಟಿ, "ರೈಟ್!" ಎಂದಳು.

ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದರು. "ಸಂಪಾದಕ್ರೇ, ಇದು ಎಷ್ಟನೇ ಹಂತ?"

ಅಂದು ಕೈ ಎತ್ತಿದ ಪಾಪ ನನ್ನನ್ನು ಚುಚ್ಚುತ್ತಿತ್ತು. "ನಾಲ್ಕನೇದು ಸಾರ್" ಎಂದೆ. "ಮೊದಲ ಮೂರರಲ್ಲಿ ಹಿಂದಕ್ಕೆ ನಡೆಯೋದು. ಇದರಲ್ಲಿ ದಾರಿ ಬಿಡೋದು. ಬಹಳ ಕಷ್ಟದ ಹಂತ. ಎಲ್ಲರ ಕೈಲೂ ಆಗಲ್ಲ."

ಎಲ್ಲರ ಕೈಲೂ ಆಗುವುದಿಲ್ಲ ಎಂದೊಡನೆ ಎಲ್ಲರಿಗೂ ಅದೇ ಬೇಕಾಯಿತು. ಮರುದಿನದಿಂದ ಮೂವತ್ತು ಜನವೂ ನೇರವಾಗಿ ನಾಲ್ಕನೆಯ ಹಂತದ ಸಾಧಕರು. ಬೆಳಿಗ್ಗೆ ಆರಕ್ಕೆ ಬಂದು ಪ್ರಯಾಣಿಕರಾಗಿ ನಿಂತು, ಬೈಸಿಕೊಂಡು, ಸರಿದು, ಬೆವರು ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಅಧ್ಯಕ್ಷರು ಮೊದಲ ಬೆಂಚಿನ ಕಿಟಕಿಯ ಪಕ್ಕದ ಜಾಗವನ್ನು ಕಾಯಂ ಮಾಡಿಕೊಂಡರು. ಹನ್ನೊಂದು ವರ್ಷದಲ್ಲಿ ಅವರಿಗೆ ಜರುಗಿ ಕೂರಲು ಹೇಳಿದವರು ಯಾರೂ ಇರಲಿಲ್ಲ. ಈಗ ದಿನವೂ ಒಬ್ಬಳು ಹೇಳುತ್ತಿದ್ದಳು. ಅವರು ಜರುಗುತ್ತಿದ್ದರು. ಸತ್ಯ ಹೇಳಬೇಕೆಂದರೆ, ಮುಖದಲ್ಲಿ ಏನೋ ಸಂತೋಷವೂ ಇತ್ತು. ಒಂದು ದಿನ ಕಂಡಕ್ಟರಮ್ಮ ಆಯ ತಪ್ಪಿ ವಾಲಿದಾಗ ಮೊದಲು ಎದ್ದು ನಿಂತವರು ಅವರೇ. ಹಿಡಿಯಲು ಹೋದ ಅವರ ಕೈ ಮೇಲೆ ಗುಂಡಿ ಅಕ್ಕ ಒಂದು ಏಟು ಕೊಟ್ಟಳು. "ಹಿಡೀಬಾರ್ದು ಅಂದಿಲ್ವಾ? ಡಾಕ್ಟ್ರ ಮುಂದೆ ನೀವು ಹೋಗ್ತೀರಾ?" ಅವರು ಕೈ ಹಿಂದೆ ಕಟ್ಟಿಕೊಂಡು ಕೂತರು. ಅಕ್ಕ ಓರಗಿತ್ತಿಯ ಎದುರು ದಿನದಿನಕ್ಕೆ ಒಂದೊಂದು ಗೇಣು ಹೆಚ್ಚು ದೂರ ನಿಲ್ಲುತ್ತ ಹೋದಳು. ಕೊನೆಯ ವಾರ ಚಾಚಿದ ಕೈಯನ್ನೂ ಇಳಿಸಿದಳು.

ಪರೀಕ್ಷೆಯ ದಿನ ಡಿಪೋದ ಗೇಟಿನವರೆಗೆ ನಾವೂ ಹೋದೆವು. ಒಳಗೆ ಬಿಡಲಿಲ್ಲ. ಅಕ್ಕನನ್ನು ಬಸ್ಸಿನ ಹತ್ತಿರದವರೆಗೆ ಬಿಟ್ಟರು, ಹತ್ತಲು ಬಿಡಲಿಲ್ಲ. ಅವಳು ಹೊರಗಿನಿಂದಲೇ ಬಸ್ಸಿನ ಪಕ್ಕ, ಕಿಟಕಿಕಿಟಕಿಗೂ ಕತ್ತು ಚಾಚುತ್ತ ನಡೆದಳಂತೆ. ಒಳಗೆ ನಡೆದದ್ದನ್ನು ಆ ಬಸ್ಸಿನ ಡ್ರೈವರ್ ನಮಗೆ ಹೇಳಿದ. ಒಂಬತ್ತನೆಯ ಹೆಜ್ಜೆಯವರೆಗೆ ಎಲ್ಲವೂ ಸರಿಯಿತ್ತು. ಒಂಬತ್ತನೆಯದರಲ್ಲಿ ಕಾಲು ಮರದ ತುಂಡಿನ ಹಾಗೆ ನಿಂತುಬಿಟ್ಟಿತು. ಕಂಡಕ್ಟರಮ್ಮ ಕಂಬಿ ಹಿಡಿದು ನಿಂತಳು. ಡಾಕ್ಟರು ಎದುರುಗಡೆ, ನಡುದಾರಿಯಲ್ಲಿ, ಕಾಗದ ಹಿಡಿದು ನೋಡುತ್ತಿದ್ದರು. ಹೊರಗಿನಿಂದ ಅಕ್ಕ ಕಿಟಕಿಯ ಗಾಜು ಬಡಿದಳು.

ಕಂಡಕ್ಟರಮ್ಮ ತಲೆಯೆತ್ತಿ ಡಾಕ್ಟರನ್ನು ನೋಡಿದಳು. "ದಾರಿ ಮಧ್ಯ ನಿಂತ್ಕೊಂಡ್ರೆ ಹೇಗ್ರೀ? ಸರೀರಿ ಪಕ್ಕಕ್ಕೆ!"

ಡಾಕ್ಟರು ಸರಿದರು. ಅವಳು ಹತ್ತನೆಯ ಹೆಜ್ಜೆ ಇಟ್ಟಳು, ಹನ್ನೊಂದು ಇಟ್ಟಳು, ಹನ್ನೆರಡಕ್ಕೆ ಮುಂದಿನ ಬಾಗಿಲ ಕಂಬಿ ಸಿಕ್ಕಿತು. ಡಾಕ್ಟರು ಸೀಟಿನ ಬೆನ್ನಿನ ಮೇಲೆ ಕಾಗದ ಇಟ್ಟು ಸಹಿ ಮಾಡಿದರು. ಮೂರು ತಿಂಗಳು ಅರ್ಧ ಪಾಳಿ, ಹತ್ತಿರದ ಮಾರ್ಗ. ಆಮೇಲೆ ಮತ್ತೊಮ್ಮೆ ತಪಾಸಣೆ. ಕೆಲಸ ಉಳಿಯಿತು.

ಅವಳು ಕೆಲಸಕ್ಕೆ ಹೋದ ಮೇಲೆ ಹಿಮ್ಮುಖ ಸಾಧನೆಯ ಉಳಿದ ದಿನಗಳಿಗೆ ಬಂದವರು ಮೊದಲು ಹದಿನಾಲ್ಕು, ಆಮೇಲೆ ಆರು, ಕೊನೆಗೆ ಅಧ್ಯಕ್ಷರು ಮತ್ತು ನಾನು. ಬೈಯುವವರಿಲ್ಲದೆ ಸಾಧನೆಯಲ್ಲಿ ರುಚಿಯಿರಲಿಲ್ಲ. ಮುಂದಿನ ಉಪನ್ಯಾಸದಲ್ಲಿ ಅವರು ಮೂರು ಬೆರಳು ಎತ್ತಿ, ನಮ್ಮ ಮಂಡಳಿಯ ಆಧ್ಯಾತ್ಮಿಕ ಶಕ್ತಿಯಿಂದ ಒಬ್ಬ ಹೆಣ್ಣುಮಗಳು ಎದ್ದು ನಡೆದಳೆಂದು ಹೇಳಿದರು. ಹಿಂದಿನ ಬೆಂಚಿನಲ್ಲಿ ನನ್ನ ಹೆಂಡತಿ ಕೆಮ್ಮಿದಳು. ಅಧ್ಯಕ್ಷರು "ಜೊತೆಗೆ ಅವರ ಓರಗಿತ್ತಿಯೂ ಸಹಕರಿಸಿದರು" ಎಂದು ಸೇರಿಸಿದರು.

ಇಷ್ಟಾದ ಮೇಲೂ ಸಂಪಾದಕನ ಬುದ್ಧಿ ಎಲ್ಲಿ ಹೋಗುತ್ತದೆ? ಮೊದಲಿನ ಲೇಖನಕ್ಕೆ ತಿದ್ದುಪಡಿ ಹಾಕಬೇಕಿತ್ತು. ತಿದ್ದುಪಡಿಯನ್ನೂ ಸ್ವಲ್ಪ ಭವ್ಯವಾಗಿಯೇ ಹಾಕೋಣವೆಂದು ಪೆನ್ನು ಕಾಗದ ಹಿಡಿದು ಗುಂಡಿ ಅಕ್ಕನ ಅಂಗಡಿಗೆ ಹೋದೆ. ಅವಳು ಯಾರದೋ ಕೋಟಿಗೆ ಜಿಪ್ಪು ಹಚ್ಚುತ್ತಿದ್ದಳು.

"ಅಕ್ಕಾ, ಹತ್ತೊಂಬತ್ತು ವರ್ಷ ಜಗಳ ಆಡಿದ ಓರಗಿತ್ತಿಗೋಸ್ಕರ ಇಷ್ಟೆಲ್ಲ ಮಾಡಿದ್ರಲ್ಲ," ಎಂದು ದನಿ ತಗ್ಗಿಸಿ ಕೇಳಿದೆ, "ಆ ದಿವ್ಯವಾದ ಪ್ರೇರಣೆ ನಿಮಗೆ ಎಲ್ಲಿಂದ ಬಂತು?"

ಅಕ್ಕ ಹಲ್ಲಿನಿಂದ ದಾರ ಕಡಿದಳು.

"ಮನೇಲಿ ಕೂತಿದ್ರೆ ದಿನವಿಡೀ ನನ್ನೊಬ್ಬಳ ತಲೆ ತಿನ್ನೋಳು. ಈಗ ಊರೋರಿಗೆಲ್ಲ ಹಂಚ್ತಾಳೆ. ಪ್ರೇರಣೆಯಂತೆ, ಪ್ರೇರಣೆ!"